ಬಾಗಿಲಿಲ್ಲದ ಗಾಡಿ

ನನ್ನ ಸೋದರಮಾವನನ್ನು ನಾನು ಕಬ್ಬಿಣದ ಸಲಾಕೆಯಿಂದ ಹೊಡೆದಿದ್ದೇನೆ. ಊರಿಗೆಲ್ಲ ಗೊತ್ತಿರುವ ವಿಷಯ, ಬಚ್ಚಿಟ್ಟು ಪ್ರಯೋಜನವಿಲ್ಲ. ಆ ಸಲಾಕೆ ನನ್ನ ಬ್ಯಾಟರಿ ಗಾಡಿಯದು. ಹಾಗಾಗಿ ಮೊದಲು ಗಾಡಿಯ ಮಾತು.

ನೋಟು ಬಂದ್ ಆಗಿ ಎರಡು ವರ್ಷವಾದ ಮೇಲೆ ಅದನ್ನು ತಂದೆ. ಇಚಲಕರಂಜಿ ಕಡೆ ಒಬ್ಬರು ಸಣ್ಣ ಶೆಡ್ಡಿನಲ್ಲಿ ಜೋಡಿಸಿ ಮಾರುತ್ತಿದ್ದರು. ನಾಲ್ಕು ಗಾಲಿ, ಮುಂದೆ ಇಬ್ಬರು ಕೂರುವ ಸೀಟು, ಹಿಂದೆ ಚಪ್ಪಟೆ ತಗಡಿನ ಹಾಸು. ಬಣ್ಣ ಬಿಳಿ, ಬೇರೆ ಬೇಕಿದ್ದರೆ ನೀನೇ ಬಳಿದುಕೋ. ರೇಡಿಯೋ ಇಲ್ಲ, ಹಿಂದಿನ ಕಿಂಡಿಗೆ ಗಾಜಿಲ್ಲ. ಬಾಗಿಲು ಬೇಕೆಂದರೆ ಬೇರೆ ದುಡ್ಡು ಅಂದರು. "ಬ್ಯಾಡ್ರಿ, ಗಾಳಿ ಆಡತೈತಿ" ಅಂದೆ. ಅದರಲ್ಲಿ ಏನೂ ಇರಲಿಲ್ಲ ಎನ್ನುವುದೇ ನನಗೆ ಹಿಡಿಸಿತ್ತು. ಬಡವನ ಕೈಗೆಟುಕುವ ಗಾಡಿ, ಅದನ್ನು ಏನು ಮಾಡಿಕೊಳ್ಳಬೇಕೆಂಬುದು ಅವನ ಮರ್ಜಿ.

ಉಗಾರ ಖುರ್ದದ ವೆಲ್ಡರ್ ಒಬ್ಬನಿಂದ ನಾಲ್ಕು ಮೂಲೆಗೂ ಕೊಳವೆ ಬೆಸುಗೆ ಹಾಕಿಸಿದೆ. ಜಾಲರಿಯ ಪಕ್ಕೆಗಳನ್ನು ನಿಲ್ಲಿಸಿ, ಮೊಳದುದ್ದದ ಸಲಾಕೆಗಳನ್ನು ತೂರಿಸಿದರೆ ಕುರಿ ಗಾಡಿ. ಸಲಾಕೆ ಎಳೆದು ಪಕ್ಕೆ ತೆಗೆದರೆ ಕಬ್ಬಿನ ಸೋಗೆ ಹೇರುವ ಗಾಡಿ. ಪಕ್ಕೆಗಳ ನಡುವೆ ಹಲಗೆ ಇಟ್ಟರೆ ಹಾಲಿನ ಕ್ಯಾನಿನ ಗಾಡಿ. ಮಾವ ಸುತ್ತ ತಿರುಗಿ ನೋಡಿ, "ಇದು ಗಾಡಿ ಅಲ್ಲೋ, ಬಹುರೂಪಿ" ಅಂದಿದ್ದ. ನನಗಿಂತ ಅವನಿಗೇ ಹೆಚ್ಚು ಖುಷಿಯಾಗಿತ್ತು.

ಗಾಡಿಗೆ ಸದ್ದೇ ಇರಲಿಲ್ಲ. ಪಾಲಬಾವಿಯ ನಮ್ಮ ಓಣಿಯಲ್ಲಿ ಗಾಡಿಗೆ ದಾರಿ ಬಿಡುವುದು ಕಿವಿಯ ಕೆಲಸ. ತಿರುಗಿ ನೋಡುವವರು ಯಾರು? ಕುರಿಗಳೂ ಹಾಗೆಯೇ. ನಾನು ಮೆಲ್ಲಗೆ ಬೆನ್ನ ಹಿಂದೆ ಹೋಗಿ ಒಮ್ಮೆಲೇ ಹಾರ್ನ್ ಒತ್ತುತ್ತಿದ್ದೆ. ಜನ ಹೌಹಾರಿ ಜಿಗಿದು ನನ್ನ ವಂಶವನ್ನೆಲ್ಲ ಬೈಯುತ್ತಿದ್ದರು, ನಾನು ಬಿದ್ದು ಬಿದ್ದು ನಗುತ್ತಿದ್ದೆ. ಮೂವತ್ತೈದು ದಾಟಿದ ಗಂಡಸು ಮಾಡುವ ಕೆಲಸವೇ ಅದು!

ಮಾವನದು ಕುರಿ ಸಾಕುವ ಕಸುಬು. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನೂ ಅವನೇ. ಅವನ ಹತ್ತಿರ ಕಾಳಗದ ಟಗರೊಂದಿತ್ತು. ತಾನು ಚಹಾ ಕುಡಿದು ಹಾಲನ್ನು ಅದಕ್ಕೆ ಕುಡಿಸುತ್ತಿದ್ದ. ಕೊರಳಿಗೆ ಹಿತ್ತಾಳೆಯ ಗಂಟೆ ಕಟ್ಟಿದ್ದ.

ಅವತ್ತು ಬೆಳಿಗ್ಗೆ ಕುಡಚಿಗೆ ಹಾಲು ಹಾಕಿ ಬರುತ್ತಿದ್ದೆ. ಮಾವ ಓಣಿಯ ನಡುವೆ ಕುಕ್ಕರಗಾಲಲ್ಲಿ ಕುಳಿತು ಟಗರಿನ ಮೈ ತಿಕ್ಕುತ್ತಿದ್ದ, ಬೆನ್ನು ನನ್ನ ಕಡೆಗೆ. ಮಾರು ದೂರಕ್ಕೆ ಹೋಗಿ ಹಾರ್ನ್ ಒತ್ತಿದೆ. ಮಾವ ಎಡಕ್ಕೆ ಹಾರಿದ. ಟಗರು ಬಲಕ್ಕೆ ಹಾರಿ ಗಾಲಿಯಡಿ ಬಂತು. ಹಿಂಗಾಲಿನ ಎಲುಬು ಲಟಕ್ಕೆಂದದ್ದು ಕೇಳಿಸಿತು. ಆದರೆ ಅಷ್ಟರಲ್ಲಿ ನನ್ನ ಬಾಯಿಂದ ನಗು ಹೊರಬಿದ್ದಿತ್ತು, ಮಾವ ಅದನ್ನು ನೋಡಿದ.

"ನಗತೀ? ನಗತೀ ಏನಲೇ ಮಗನ?"

ಬಾಗಿಲಿದ್ದಿದ್ದರೆ ಒಂದು ಕ್ಷಣವಾದರೂ ಸಿಗುತ್ತಿತ್ತು. ಕೊರಳಪಟ್ಟಿ ಹಿಡಿದು ಮೂಟೆ ಎಳೆದಂತೆ ಎಳೆದು ಕೆಡವಿದ. ಪಕ್ಕೆಗೆ ಒದ್ದ. ಕುರಿ ಕಾಯುವ ಬಡಿಗೆಯಿಂದ ಬೆನ್ನ ಮೇಲೆ, ತೊಡೆಯ ಮೇಲೆ, ಬಾಯಿಯ ಮೇಲೆ ಬಡಿದ. ತುಟಿ ಸೀಳಿ ಹಲ್ಲೊಂದು ನಾಲಿಗೆಗೆ ಬಂತು. ಹಿಂದೆ ಟಗರು ಅರಚುತ್ತಿತ್ತು. ಮೊದಲ ನಾಲ್ಕು ಪೆಟ್ಟು ನನಗೆ ಬೀಳಬೇಕಾದದ್ದೇ. ಆದರೆ ನಮ್ಮ ಮನೆತನದ ಸಿಟ್ಟು ನನ್ನ ಮೂಗಿನ ತುದಿಯಲ್ಲೂ ಇತ್ತು. ಐದನೆಯದಕ್ಕೆ ಎದ್ದು, ಗಾಡಿ ಹಿಡಿದುಕೊಂಡೆ, ಕೈಗೆ ಸಲಾಕೆ ಸಿಕ್ಕಿತು. ಎಳೆದೆ. ಜಾಲರಿಯ ಪಕ್ಕೆ ಕಳಚಿ ಧಡಾರನೆ ಬಿತ್ತು. ಬೀಸಿದೆ.

ಮಾವನ ಎಡಗಿವಿಗೆ ಬಿತ್ತು. ಆ ಪೆಟ್ಟಿನ ಅದುರು ನನ್ನ ಮೊಣಕೈಯಲ್ಲಿ ಇನ್ನೂ ಇದೆ. ಅವನು ದಣಿದವನ ಹಾಗೆ ಕುಳಿತ, ಆಮೇಲೆ ಟಗರಿನ ಮೇಲೆಯೇ ಒರಗಿದ. ಕಿವಿಯಿಂದ ರಕ್ತ ಇಳಿಯುತ್ತಿತ್ತು.

ಕಬ್ಬಿನ ಸುಗ್ಗಿ. ಊರಿನ ಟ್ರ್ಯಾಕ್ಟರುಗಳೆಲ್ಲ ಕಾರ್ಖಾನೆಯ ಸಾಲಿನಲ್ಲಿದ್ದವು. ಆಂಬುಲೆನ್ಸಿಗೆ ತಾಸು ಬೇಕೆಂದರು. ಇದ್ದದ್ದು ನನ್ನ ಗಾಡಿ, ಅದರ ಮೀಟರಿನಲ್ಲಿ ಎರಡೇ ಗೆರೆ ಚಾರ್ಜು. ತಗಡಿನ ಮೇಲೆ ಕೌದಿ ಹಾಸಿ ಮಾವನನ್ನು ಮಲಗಿಸಿದೆವು. ಅತ್ತೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಜೋರಾಗಿ ಓಡಿಸಿದರೆ ರಾಯಬಾಗದ ಆಸ್ಪತ್ರೆ ಮುಟ್ಟುವ ಮೊದಲೇ ಚಾರ್ಜು ಮುಗಿಯುತ್ತದೆ. ನಿಧಾನಕ್ಕೆ ಹೋದರೆ ಮಾವ ಉಳಿಯುತ್ತಾನೋ ಇಲ್ಲವೋ. ನಿಧಾನಕ್ಕೇ ಹೋದೆ. ಡೀಸೆಲ್ ಗಾಡಿಯಾಗಿದ್ದರೆ ಎಂಜಿನ್ನಿನ ಸದ್ದಿನಲ್ಲಿ ಎಲ್ಲ ಮುಳುಗಿಹೋಗುತ್ತಿತ್ತು. ಇದರಲ್ಲಿ ಗಾಜಿಲ್ಲದ ಕಿಂಡಿಯಿಂದ ಅವನ ಒಂದೊಂದು ನರಳಿಕೆಯೂ ನನ್ನ ಕತ್ತಿನ ಹಿಂದೆಯೇ ಕೇಳಿಸಿತು. ಅರ್ಧ ದಾರಿಯಲ್ಲಿ ಆ ನರಳಿಕೆ ನಿಂತಿತು. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

"ಅತ್ತೀ, ಮಾವ..."

"ಉಸರ ಐತಿ. ಹಂಪ್ ಬಂದಲ್ಲಿ ಸಾವಕಾಶ ಇಳಸು" ಅಂದಳು. ದಾರಿಯುದ್ದಕ್ಕೂ ಅವಳು ನನ್ನೊಂದಿಗೆ ಆಡಿದ್ದು ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ನಾನು ರಕ್ತದ ಬಾಯಿ ತೆರೆಯುವ ಮೊದಲೇ ಅತ್ತೆ, "ಟಗರು ಕೋಡಿಲೆ ಹಾದೈತ್ರಿ, ಬಿಡಸಾಕ ಹೋದ ಇವನಿಗೂ ಹಾದೈತ್ರಿ" ಅಂದಳು. ಸಂಜೆ ಊರಲ್ಲಿ ಕಾಲು ಮುರಿದ ಆ ಟಗರನ್ನು ಕೊಯ್ದರು. ಮಾವನ ಬಡಿಗೆಗಿಂತ ಅತ್ತೆಯ ಆ ಸುಳ್ಳು ನನ್ನನ್ನು ಹೆಚ್ಚು ಬಡಿಯಿತು.

ಮಾವ ಉಳಿದ. ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಮಂದವಾಯಿತು. ಕಳಚಿದ ಪಕ್ಕೆ ಸರಿಪಡಿಸುವಾಗ ವೆಲ್ಡರ್, "ಈಗರೆ ಬಾಗಲಾ ಹಾಕಸ್ರಿ" ಅಂದ. ಬೇಡವೆಂದೆ. ನನ್ನನ್ನು ಎಳೆದು ಬಡಿಯುವ ಹಕ್ಕು ಒಬ್ಬನಿಗೆ ಬಾಕಿ ಇತ್ತು.

ತಿಂಗಳಾದ ಮೇಲೆ ಮಾವ ಮತ್ತೆ ಓಣಿಯ ನಡುವೆ ಕುಳಿತಿದ್ದ. ದೂರದಿಂದಲೇ ಹಾರ್ನ್ ಒತ್ತಿದೆ. ಕುರಿಗಳು ಸರಿದವು, ಅವನು ಅಲುಗಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಕುಳಿತನೋ. ಗಾಡಿ ನಿಲ್ಲಿಸಿದೆ. ಆಗ ಎದ್ದು ಬಂದ. ಬಾಗಿಲಿಲ್ಲದ ಕಡೆಯಿಂದ ಕೈ ಹಾಕಿ ಕೆನ್ನೆಗೆ ಬಾರಿಸಿದ, ಮತ್ತೊಮ್ಮೆ ಬಾರಿಸಿದ. ನಾನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಕುಳಿತಿದ್ದೆ. ಎದೆ ಹಗುರಾಯಿತು, ಸುಳ್ಳು ಹೇಳಲಾರೆ.

ಅವನು ಜೇಬಿನಿಂದ ಟಗರಿನ ಗಂಟೆ ತೆಗೆದು ಗಾಡಿಯ ಮುಂದೆ ತಂತಿಯಿಂದ ಬಿಗಿದ. ಸುತ್ತಿ ಬಂದು ನನ್ನ ಪಕ್ಕ ಕುಳಿತು, "ನಡಿ" ಅಂದ. ಮೊದಲ ತಗ್ಗಿಗೇ ಗಂಟೆ ಬಾರಿಸತೊಡಗಿತು. ಮಾವ ಕತ್ತು ಚಾಚಿ ಗಂಟೆಯನ್ನೇ ದಿಟ್ಟಿಸುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಬಾರಸಾಕತ್ತೈತೇನೋ?"

"ಬಾರಸಾಕತ್ತೈತಿ ಮಾವಾ."

ಅದೂ ಅವನಿಗೆ ಕೇಳಿಸಲಿಲ್ಲ. ಗಾಡಿ ನಿಲ್ಲಿಸಿ, ಅವನ ಬಲಗಿವಿಗೆ ಬಾಯಿ ಇಟ್ಟು ಇನ್ನೊಮ್ಮೆ ಹೇಳಿದೆ.