ಎದ್ಯೇನಮ್ಮ ಸಿರಿ?
ನ್ಯೂಜಿಲೆಂಡಿನಿಂದ ಸರಿಯಾಗಿ ಹತ್ತನೇ ಕ್ಲಾಸಿಗೆ ಅಂತ ಅಜ್ಜಿಯ ಊರು ಜಾವಗಲ್ಲಿಗೆ ಬಂದಿಳಿದ ಸಿರಿ, ಬೆರಗಿನಿಂದ ಬಿಟ್ಟ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಮೇಷ್ಟ್ರು ಒಳಗೆ ಬಂದೊಡನೆ ಇಡೀ ಕ್ಲಾಸು ಧಡಕ್ಕನೆ ಎದ್ದು ನಿಂತಾಗ, ಭೂಕಂಪವೆಂದು ಬೆಂಚಿನ ಕೆಳಗೆ ನುಗ್ಗಿದವಳು ಅವಳು. ಅಲ್ಲಿ ‘ಯಾಕೆ’ ಎಂದರೆ ಟೀಚರ್ ಹಿಗ್ಗುತ್ತಿದ್ದರು. ಇಲ್ಲಿ ಗಣಿತದ ಇಂದ್ರೇಶ್ ಮೇಷ್ಟ್ರು, “ಅದು ಪರೀಕ್ಷೆಗೆ ಬರಲ್ಲ ಕಣಮ್ಮ, ಕೂತ್ಕೊ” ಎಂದರು. ಸ್ವಂತ ಮಾತಿನಲ್ಲಿ ಬರೆದ ಉತ್ತರಕ್ಕೆ ಅಂಕ ಹೋಯಿತು, ಸ್ಕೇಲಿಟ್ಟು ಗೆರೆ ಎಳೆಯದಿದ್ದುದಕ್ಕೆ ಬೈಗುಳ ಬಂತು. ಗುರುತು ಪರಿಚಯವಿಲ್ಲದ ಬಸ್ ಕಂಡಕ್ಟರು, “ಎಷ್ಟ್ ಪರ್ಸೆಂಟ್ ಬತ್ತೈತೆ?” ಎಂದು ಕೇಳಿ ಆಮೇಲೆ ಟಿಕೆಟ್ ಹರಿದ. ಆದರೆ ಅವಳ ಎದೆ ಧಸಕ್ಕೆಂದದ್ದು ಬೆಳಗಿನ ಜಾವದ ಫೋನಿಗೆ. ಯಾರೋ ಹೋಗಿಬಿಟ್ಟರೆಂದು ಅಜ್ಜಿಯನ್ನೂ ಎಬ್ಬಿಸಿ ಎತ್ತಿದರೆ ಇಂದ್ರೇಶ್ ಮೇಷ್ಟ್ರು: “ಎದ್ಯೇನಮ್ಮ ಸಿರಿ? ಓದ್ತಾ ಇದ್ದೀಯಾ?” ಅಜ್ಜಿ ಮಗ್ಗುಲು ಬದಲಿಸಿದರು. “ಹತ್ತನೇ ಕ್ಲಾಸಿನೋರನ್ನ ಮೇಷ್ಟ್ರೇ ಎಬ್ಬಿಸೋದು ಕಣೇ. ಆ ಇಂದ್ರೇಶನ್ನೂ ಅವರ ಮೇಷ್ಟ್ರು ಬಾಗಿಲು ಬಡಿದೇ ಎಬ್ಬಿಸ್ತಿದ್ದದ್ದು.” ದಿನಾ ಬರುವ ಆ ಫೋನಿಗೆ ಕಂಬಳಿಯೊಳಗಿಂದಲೇ “ಎದ್ದಿದ್ದೀನಿ ಸಾರ್, ಓದ್ತಾ ಇದ್ದೀನಿ” ಎನ್ನುವುದನ್ನು ಗೆಳತಿಯರು ಹೇಳಿಕೊಟ್ಟರು. ಸುಳ್ಳು ಹೇಳಲು ಬಾರದ ಸಿರಿ ಮಾತ್ರ ನಿಜವಾಗಿಯೂ ಎದ್ದು ಓದುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಒಂದು ಬೆಳಗ್ಗೆ ಫೋನ್ ಬರಲಿಲ್ಲ. ಪುಸ್ತಕ ತೆರೆದಿಟ್ಟು ಕಾದಳು, ಮೇಷ್ಟ್ರಿಗೆ ಏನಾಯಿತೋ ಎಂದು ಹೆದರಿದಳು, ಕೊನೆಗೆ ತಾನೇ ಫೋನ್ ಮಾಡಿ, “ಎದ್ರಾ?” ಎಂದಳು. ಆ ಕಡೆ ಏನೋ ಬಿದ್ದ ಸದ್ದಾಯಿತು. ಆಮೇಲೆ ಮೇಷ್ಟ್ರ ದನಿ, ನಿದ್ದೆಗಣ್ಣಿನಲ್ಲಿ, ಬೆದರಿದ ಹುಡುಗನಂತೆ ಹೇಳಿತು: “ಎದ್ದಿದ್ದೀನಿ ಸಾರ್, ಓದ್ತಾ ಇದ್ದೀನಿ.”