ಜರ್ಮನಿಯ ಹುಡುಗಿಗೆ ಮಡಿಲಕ್ಕಿ

ನಮ್ಮ ಷೋಕೇಸಿನಲ್ಲಿ ಒಬ್ಬಳು ಜರ್ಮನ್ ಹುಡುಗಿ ಎಷ್ಟೋ ವರ್ಷಗಳಿಂದ ಟೀವಿಗೆ ನಮಸ್ಕಾರ ಮಾಡಿಕೊಂಡು ನಿಂತಿದ್ದಳು. ಗೇಣುದ್ದದ ಪಿಂಗಾಣಿ ಗೊಂಬೆ. ಗುಲಾಬಿ ಸ್ಕರ್ಟಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು, ಮಂಡಿ ಒಂದಿಷ್ಟು ಬಗ್ಗಿಸಿ, ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದ ಹಾಗೇ ಪರ್ಫೆಕ್ಟ್ ಆದ ಕರ್ಟ್ಸಿ. ಅವಳೆದುರು ಟೋಪಿ ತೆಗೆದು ಬಾಗಬೇಕಾಗಿದ್ದ ಗಂಡು ಮಾತ್ರ ಮಳವಳ್ಳಿಯಲ್ಲಿದ್ದ. ಅಲ್ಲಿ ಅವನು ನನ್ನ ಗೆಳತಿಯ ಫ್ರಿಜ್ಜಿಗೆ ಬಾಗಿಕೊಂಡಿದ್ದ.

ಆ ಗೆಳತಿಯೂ ನಾನೂ ಮೈಸೂರಿನ ಕಾನ್ವೆಂಟಿನಲ್ಲಿ ಒಂದೇ ಬೆಂಚು. ಪಿಂಗಾಣಿಯ ಹುಚ್ಚು ಹಿಡಿಸಿದವರು ಅಲ್ಲಿದ್ದ ಒಬ್ಬ ಜರ್ಮನ್ ಸಿಸ್ಟರ್. ಮಧ್ಯಾಹ್ನ ಅತಿಥಿಗಳನ್ನು ಕೂರಿಸುವ ಪಾರ್ಲರಿನಲ್ಲಿ ಕಾಫಿ ಮುಗಿಸಿ, ಖಾಲಿ ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಬೆರಳಾಡಿಸಿ ತೋರಿಸುತ್ತಿದ್ದರು. ಕಪ್ಪಿನ ಗೋಡೆಯಾಚೆ ಬೆರಳಿನ ನೆರಳು ಮೀನಿನ ಹಾಗೆ ಓಡುತ್ತಿತ್ತು. ಅಷ್ಟೇ ಸಾಕಾಯಿತು ನಮಗೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಮೈಸೂರಿನ ಹಳೆಯ ಬಂಗಲೆಯೊಂದರ ಸಾಮಾನು ಮಾರಾಟಕ್ಕೆ ಹೋದೆವು. ಈ ಜೋಡಿ ಕಣ್ಣಿಗೆ ಬಿತ್ತು. ಅವಳು ಹುಡುಗನನ್ನು ಹಿಡಿದಳು, ನಾನು ಹುಡುಗಿಯನ್ನು. ಇಬ್ಬರೂ ಬಿಡಲಿಲ್ಲ. ಮಾರುವವನಿಗೆ ಸಾಕುಸಾಕಾಗಿ ಎರಡು ಪೊಟ್ಟಣ ಕಟ್ಟಿಕೊಟ್ಟ. ಅವಳು ಮಳವಳ್ಳಿಗೆ ಹೋದಳು, ನಾನು ಮದ್ದೂರಿಗೆ ಬಂದೆ.

ಮದ್ದೂರಿನ ಮನೆಯಲ್ಲಿ ಷೋಕೇಸಿನ ಆಡಳಿತ ನನ್ನದು, ಮಿಕ್ಕದ್ದೆಲ್ಲ ನನ್ನ ಓರಗಿತ್ತಿಯದು. ನಮ್ಮ ಯಜಮಾನರ ಅಣ್ಣನ ಹೆಂಡತಿ, ಬೆಸಗರಹಳ್ಳಿಯ ಕಡೆಯವರು. ನಾನು ಅಕ್ಕ ಎನ್ನುತ್ತೇನೆ. ನಾನು ಮೊದಲ ಕಪ್ಪು ತಂದ ದಿನವೇ ಅದನ್ನು ತಿರುಗಿಸಿ ನೋಡಿ ಕೇಳಿದ್ದರು.

“ಇದ್ರೊಳಗೆ ಮೂಳೆ ಬೂದಿ ಬೆರಸ್ತಾರಂತಲ್ಲ, ದಿಟವೇನಮ್ಮಿ?”

“ಅದು ಇಂಗ್ಲಿಷಿನವರ ಬೋನ್ ಚೈನಾ, ಅಕ್ಕ. ಇದು ಜರ್ಮನ್ದು. ಬರೀ ಬಿಳಿ ಮಣ್ಣು, ಕಲ್ಲಿನ ಪುಡಿ.”

“ಅಂಗಾರೆ ಸರಿ. ಬಾನ್ವಾರ ಬಾಡು ತಿನ್ನಾದು ಬ್ಯಾರೆ, ಸ್ವಾಮಾರ ಮೂಳೆ ಲೋಟ್ದಲ್ಲಿ ಕಾಪಿ ಕುಡ್ಯಾದು ಬ್ಯಾರೆ ಕಣಮ್ಮಿ.”

ಅವತ್ತಿನಿಂದ ನನ್ನ ಕಲೆಕ್ಷನ್ ಸ್ಟ್ರಿಕ್ಟ್ಲಿ ಜರ್ಮನ್. ಅಜ್ಜಿಯ ಕಾಲದ ಚಿನ್ನದಂಚಿನ ತಟ್ಟೆಗಳಿವೆ, ಈಚಿನವೂ ಇವೆ. ಹೂವಿಲ್ಲದ, ಗೆರೆಯಿಲ್ಲದ, ಮೊಟ್ಟೆಯ ಹಾಗೆ ನುಣ್ಣಗಿರುವ ಒಂದು ಮಾಡರ್ನ್ ಬಟ್ಟಲನ್ನು ನಾನು ತುಂಬ ಆಸೆಪಟ್ಟು ತರಿಸಿಕೊಂಡೆ. ಅಕ್ಕ ನೋಡಿ, “ಅಯ್ಯೋ, ಬಣ್ಣ ಬಳ್ಯಾದೇ ಮರ್ತವ್ರಲ್ಲ,” ಎಂದು ಮರುಕಪಟ್ಟು, ಅದರಲ್ಲಿ ಮೊಸರಿಗೆ ಹೆಪ್ಪು ಹಾಕತೊಡಗಿದರು. ಮೊಸರು ಚೆನ್ನಾಗಿಯೇ ಆಗುತ್ತಿತ್ತು. ವಾಟ್ ಟು ಡೂ.

ಹೋದ ವರ್ಷ ಮಳವಳ್ಳಿಯಿಂದ ಫೋನು ಬಂತು. “ಲಿಸನ್,” ಎಂದಳು ಗೆಳತಿ, “ನಮಗಿಬ್ಬರಿಗೂ ಮಂಡಿ ಹೋಯ್ತು. ಕಣ್ಣೂ ಹೊರಟಿದೆ. ಇವೆರಡನ್ನೂ ಒಟ್ಟಿಗೆ ನೋಡದೇ ಸಾಯೋದಾ?”

“ಹಾಗಾದ್ರೆ ಅವನನ್ನ ನನಗೆ ಕೊಡು.”

“ನೀನು ಅವಳನ್ನ ಕೊಡು!”

ಅರ್ಧ ಗಂಟೆ ಕಿತ್ತಾಡಿ ಒಂದು ತೀರ್ಮಾನಕ್ಕೆ ಬಂದೆವು. ಯಾರ ಗೊಂಬೆ ಒಂದು ಕಲೆಯೂ ಇಲ್ಲದೆ ಹೆಚ್ಚು ಚೊಕ್ಕವಾಗಿದೆಯೋ ಅವರಿಗೆ ಜೋಡಿ. ನಾನು ಒಳಗೊಳಗೇ ನಕ್ಕೆ. ಅವಳ ಹುಡುಗನ ಕಿರುಬೆರಳಿನ ತುದಿ ಯಾವತ್ತೋ ಮುಕ್ಕಾಗಿದ್ದು ನನಗೆ ಗೊತ್ತಿತ್ತು. ನನ್ನ ಹುಡುಗಿಗೆ ಒಂದು ಕೂದಲೆಳೆ ಬಿರುಕಿಲ್ಲ. ಮುಖವಂತೂ ಹಾಲು. ಉಡುಪಿಗೆಲ್ಲ ಗಾಜಿನಂಥ ಮೆರುಗು, ಮುಖಕ್ಕೂ ಕೈಗೂ ಮಾತ್ರ ಮೆರುಗು ಹಾಕದೆ ಹಾಗೇ ಸುಟ್ಟು ಬಿಟ್ಟಿದ್ದಾರೆ. ನಿಜವಾದ ಚರ್ಮದ ಹಾಗೆ ಕಾಣಲಿ ಅಂತ. ಟೀವಿಯ ಪಕ್ಕ ಅವನಿಗೆ ಜಾಗ ಒರೆಸಿಯೇ ಇಟ್ಟೆ.

ಫೋನಿಟ್ಟ ಮೇಲೆ ಅಕ್ಕ ಯಾರದೆಂದು ಕೇಳಿದರು. ನಾನು ಹುಡುಗಾಟಕ್ಕೆ, “ಗಂಡಿನ ಕಡೆಯವರದು ಅಕ್ಕ. ಗುರುವಾರ ಹೆಣ್ಣು ನೋಡೋಕೆ ಬರ್ತಾರೆ, ಎಲ್ಲಾ ಸರಿಹೋದ್ರೆ ಅವತ್ತೇ ಮದುವೆ,” ಎಂದೆ. ಅಕ್ಕ ಷೋಕೇಸಿನ ಕಡೆ ನೋಡಿ, “ಅಂತೂ ಕೂಡಿ ಬತ್ತು ಬುಡು,” ಎಂದು ಒಳಗೆ ಹೋದರು. ನಾನು ಅಷ್ಟಕ್ಕೇ ಮರೆತೆ.

ಗುರುವಾರ ಬೆಳಿಗ್ಗೆ ಗೆಳತಿಯನ್ನು ಕರೆತರಲು ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಹೋದೆ. ಅವಳು ಮಳವಳ್ಳಿ ಬಸ್ಸಿನಿಂದ ಇಳಿದಳು. ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಟಿಫಿನ್ ಕ್ಯಾರಿಯರನ್ನು ಕಂಡಕ್ಟರಿಗೂ ಮುಟ್ಟಗೊಡಲಿಲ್ಲವಂತೆ. ಮನೆಗೆ ಬಂದು ಬಿಳಿ ಗ್ಲೌಸ್ ಹಾಕಿಕೊಂಡಳು, ಚೀಲದಿಂದ ಭೂತಗನ್ನಡಿ ತೆಗೆದಳು. “ಕರೆಸಿ ಹುಡುಗೀನ,” ಎಂದಳು, ಸಾಕ್ಷಾತ್ ಬೀಗಿತ್ತಿಯ ಠೀವಿಯಲ್ಲಿ.

ನಾನು ಷೋಕೇಸಿನ ಬಾಗಿಲು ತೆಗೆದೆ. ಹುಡುಗಿಯ ಎರಡು ಕೆನ್ನೆ, ಎರಡು ಕೈ, ಅರಿಶಿನ.

“ಅಕ್ಕಾ!”

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. “ಯಾಕಮ್ಮಿ ಕಿರುಚ್ತೀಯ? ಮದ್ವೆ ಎಣ್ಣು ಅಂದೆ. ಅರಿಸ್ನದ ಸಾಸ್ತ್ರ ಆಗ್ದೆ ಎಣ್ಣ ಒಪ್ಸಾಕಾಯ್ತದಾ? ನೆನ್ನೇನೇ ಎಣ್ಣೇಲಿ ಕಲ್ಸಿ ಅಚ್ಚಿದೀನಿ. ಎಷ್ಟು ಲಕ್ಸಣವಾಗವ್ಳೆ ನೋಡು.”

ನಾನು ಹತ್ತಿ ತಂದೆ, ನೀರು ತಂದೆ. ಸ್ಕರ್ಟಿನ ಮೇಲೆ ಚೆಲ್ಲಿದ್ದ ಅರಿಶಿನ ಒಂದೇ ಸಲಕ್ಕೆ ಬಂದುಬಿಟ್ಟಿತು. ಕೆನ್ನೆಯದು ಕದಲಲಿಲ್ಲ.

“ಸ್ಟಾಪ್, ಉಜ್ಜಬೇಡ,” ಎಂದಳು ಗೆಳತಿ ಭೂತಗನ್ನಡಿಯಲ್ಲಿ ಬಗ್ಗಿ ನೋಡಿ. “ಮೆರುಗಿಲ್ಲದ ಕಡೆ ಎಣ್ಣೆ ಒಳಕ್ಕಿಳಿದಿದೆ. ಬಿಸಿಲಿಗಿಟ್ಟರೆ ಒಂಚೂರು ಮಾಸಬಹುದು, ಪೂರ್ತಿ ಹೋಗಲ್ಲ.” ಆಮೇಲೆ ತಲೆಯೆತ್ತಿ, ಮೆಲ್ಲಗೆ, “ಮಾತು ಅಂದ್ರೆ ಮಾತು, ಅಲ್ವೇನೇ?” ಎಂದಳು.

ಮಾತು ಅಂದರೆ ಮಾತು. ಮುಕ್ಕಾದ ಕಿರುಬೆರಳೆಲ್ಲಿ, ಈ ಹಳದಿ ಮುಖವೆಲ್ಲಿ. ನಾನು ತಲೆಯಾಡಿಸಿ ಹುಡುಗಿಯನ್ನು ಇಳಿಸಿ ಊಟದ ಮೇಜಿನ ಮೇಲಿಟ್ಟೆ. ಷೋಕೇಸಿನಲ್ಲಿ ಅವಳು ನಿಂತಿದ್ದ ಕಡೆ, ಧೂಳು ಕೂರದ ಒಂದು ಗುಂಡನೆಯ ಗುರುತು ಉಳಿದಿತ್ತು. ನಾನು ಅದನ್ನು ನೋಡಿಯೂ ನೋಡದ ಹಾಗಿದ್ದೆ.

ಗೆಳತಿ ಕ್ಯಾರಿಯರಿನಿಂದ ಹುಡುಗನನ್ನು ಬಿಡಿಸಿ ಎದುರಿಗೆ ನಿಲ್ಲಿಸಿದಳು. ಆ ಬಂಗಲೆ ಬಿಟ್ಟ ಮೇಲೆ ಮೊದಲ ಸಲ ಎದುರುಬದುರು. ಅವನ ಬಾಗು ಸರಿಯಾಗಿ ಅವಳ ಕರ್ಟ್ಸಿಗೆ ಕೂಡಿಕೊಂಡಿತು. ಇಷ್ಟು ವರ್ಷ ನಾನು ಅವಳು ನೆಲ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ನೋಡುತ್ತಿದ್ದದ್ದು ಬಾಗಿದ ಅವನ ಮುಖವನ್ನು. ನಾವಿಬ್ಬರು ಮುದುಕಿಯರು ಕುರ್ಚಿಗಳನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡೆವು.

ಅಕ್ಕನೂ ಬಂದು ಕೂತರು. “ಜೋಡಿಯೇನೋ ಚೆಂದಾಗದೆ. ಅಲ್ಲಾ, ಗಂಡ್ಗೆ ಅರಿಸ್ನವೇ ಆಗಿಲ್ವಲ್ಲ? ಅದೆಂಥ ಮದ್ವೆ?” ಅವರ ಕೈಯಲ್ಲಿ ನನ್ನ ಮಾಡರ್ನ್ ಬಟ್ಟಲಿತ್ತು. ಅದರ ತುಂಬ ಅರಿಶಿನ.

“ನೋ! ನೋ!” ಗೆಳತಿ ಹುಡುಗನನ್ನು ಎರಡು ಕೈಯಲ್ಲೂ ಮುಚ್ಚಿಕೊಂಡಳು. “ಇವನನ್ನ ನಾನು ಒದ್ದೆ ಬಟ್ಟೇಲೂ ಒರೆಸಿಲ್ಲ ರೀ!”

“ಅಂಗಾದ್ರೆ ನಮ್ ಎಣ್ಣ ಕರ್ಕೊಂಡೋಗಿ ಮಾಡೋದೇನು? ಅವ್ನು ಸುಣ್ಣ, ಇವ್ಳು ಅರಿಸ್ನ. ಬಂದೋರೆಲ್ಲ ಇವ್ಳಿಗೇ ಏನೋ ಆಗದೆ ಅಂತಾರೆ.”

ಗೆಳತಿ ಕೈ ತೆಗೆದು ನೋಡಿದಳು. ಒಂದು ಮುಖ ಹಿಮ, ಒಂದು ಮುಖ ಅರಿಶಿನ. ಬಹಳ ಹೊತ್ತು ನೋಡಿದಳು. ಆಮೇಲೆ ಒಂದೊಂದೇ ಬೆರಳು ಎಳೆದು ಗ್ಲೌಸ್ ಬಿಚ್ಚಿದಳು.

“ನಿಮ್ಮಕ್ಕ ಹೇಳೋದು ಸರಿ. ಹೀಗಿಟ್ಟರೆ ಇವಳೊಬ್ಬಳೇ ಹಾಳಾದವಳ ಹಾಗೆ ಕಾಣ್ತಾಳೆ. ಎಲ್ಲಿ, ಕೊಡಿ ಆ ಬಟ್ಟಲು.”

ಅವಳು ಬೆರಳನ್ನು ಅರಿಶಿನಕ್ಕೆ ಅದ್ದಿದಳು. ಹುಡುಗನ ಎರಡು ಕೆನ್ನೆಗೂ ಸಮನಾಗಿ ಹಚ್ಚಿದಳು. ಒಂದು ಬೊಟ್ಟು ಆ ಮುಕ್ಕಾದ ಕಿರುಬೆರಳಿಗೂ ಬಿತ್ತು. ಅಕ್ಕ ತೃಪ್ತಿಯಿಂದ ಎದ್ದು ಪಾಯಸಕ್ಕಿಟ್ಟರು.

ಸಂಜೆ ಪ್ಯಾಕ್ ಮಾಡುವಾಗ ಬಬಲ್ ರ್‍ಯಾಪ್ ಹುಡುಕಿದರೆ ಸಿಗಲಿಲ್ಲ. ಅಕ್ಕ ದೊಡ್ಡ ಸ್ಟೀಲ್ ಡಬ್ಬಿಗೆ ಅಕ್ಕಿ ಸುರಿದು, ಹುಡುಗಿಯನ್ನು ಕುತ್ತಿಗೆಯವರೆಗೂ ಹೂತು, ಮೇಲೊಂದು ಬೆಲ್ಲದಚ್ಚಿಟ್ಟರು. “ತವ್ರಿಂದ ಓಗೋಳು ಮಡ್ಲಕ್ಕಿ ಇಲ್ದೆ ಓದಾಳಾ?” ಅದಕ್ಕಿಂತ ಭದ್ರವಾದ ಪ್ಯಾಕಿಂಗ್ ನಾನು ಕಂಡಿಲ್ಲ. ಮಳವಳ್ಳಿಯವರೆಗೆ ಒಂದು ಗೀರೂ ಬೀಳಲಿಲ್ಲ.

ಆ ಗುಂಡನೆಯ ಗುರುತನ್ನು ನಾನು ಒರೆಸದೇ ಬಿಟ್ಟಿದ್ದೆ. ಅಕ್ಕ ನೋಡಿದ್ದರೋ ಏನೋ. ಆಷಾಢ ಬಂದ ದಿನ ನನ್ನ ಫೋನು ಕಿತ್ತುಕೊಂಡು ಮಳವಳ್ಳಿಗೆ ಮಾಡಿದರು. “ಆಸಾಡ ಬತ್ತು. ಒಸಾ ಸೊಸೇನ ಮನೇಲಿಟ್ಕೊಂಡಿದೀರಲ್ಲ, ಕಳ್ಸಿ ತವ್ರಿಗೆ.”

“ಮೊದಲನೇ ಆಷಾಢಕ್ಕೆ ಮಾತ್ರ ತಾನೇ ರೀ?” ಎಂದಳು ಗೆಳತಿ ಅನುಮಾನದಿಂದ.

“ನಮ್ಮಟ್ಟೀಲಿ ಎಲ್ಲಾ ಆಸಾಡಕ್ಕೂ,” ಎಂದರು ಅಕ್ಕ. ಅಂಥ ಶಾಸ್ತ್ರವನ್ನು ನಾನು ಈ ಮನೆಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿದೆ.

ಹಾಗಾಗಿ ಈಗ ಅವಳು ಇಲ್ಲಿದ್ದಾಳೆ, ತನ್ನ ಗುಂಡನೆಯ ಗುರುತಿನ ಮೇಲೇ. ದಿನಾ ಸಂಜೆ ಮಳವಳ್ಳಿಯಿಂದ ವೀಡಿಯೋ ಕಾಲ್ ಬರುತ್ತದೆ. ಗೆಳತಿ ಆ ಕಡೆ ಹುಡುಗನನ್ನು ಹಿಡಿಯುತ್ತಾಳೆ, ನಾನು ಈ ಕಡೆ ಹುಡುಗಿಯ ಮುಂದೆ ಫೋನು ಹಿಡಿಯುತ್ತೇನೆ. ಅಕ್ಕ ನನ್ನ ಭುಜದ ಮೇಲಿಂದ ಇಣುಕುತ್ತಾರೆ.

“ಗಂಡ್ನ ಮ್ಯಾಕ್ಕೆತ್ತು ಅನ್ನಮ್ಮಿ,” ಎನ್ನುತ್ತಾರೆ, “ಅಳೀಮಯ್ಯನ ಬೂಟ್ಸು ಬುಟ್ರೆ ಇನ್ನೇನೂ ಕಾಣಾಕಿಲ್ಲ.”