ಹಳೇ ಕುಸ್ತಿಯ ಚರ್ಚೆಗೆ ನಾನು ಜಡಿದ ಬೀಗ

ನನ್ನದು ಕೈ ಮುಂದೆ, ಮಾತು ಹಿಂದೆ. ಮೊದಲಿನಿಂದಲೂ ಹಾಗೆಯೇ, ಸುಳ್ಳು ಹೇಳಿ ಏನು ಪ್ರಯೋಜನ? ಗೋಕಾಕದ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಕೆಂಪು ಮಣ್ಣು ಮೈಗೆ ಬಳಿದುಕೊಂಡು ಬೆಳೆದವನು. ಮೂವತ್ತು ದಾಟಿ ಮಂಡಿ ಕೈಕೊಟ್ಟ ಮೇಲೆ ಕುಸ್ತಿ ಬಿಟ್ಟೆ, ಸಿಟ್ಟು ಬಿಡಲಿಲ್ಲ. ಆ ಸಿಟ್ಟು ಕಾರಿಕೊಳ್ಳಲು ಒಂದು ಜಾಗ ಬೇಕಿತ್ತು. ಅದು ಬಸ್ ಸ್ಟ್ಯಾಂಡಿನ ಬಾಜೂಕಿನ ಇಂಟರ್‌ನೆಟ್ ಸೆಂಟರಿನಲ್ಲಿ ಸಿಕ್ಕಿತು.

ಕುಸ್ತಿಯ ಹುಚ್ಚರದೇ ಒಂದು ಫೋರಂ ಇತ್ತು. ಗೋಕಾಕ, ಮೂಡಲಗಿ, ಸಂಕೇಶ್ವರ, ಆಚೆ ಕೊಲ್ಲಾಪುರದವರೆಗಿನ ಮಂದಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೂ ಮರಾಠಿಯನ್ನೂ ಕುಟ್ಟುತ್ತಿದ್ದರು. ಯಾವ ಪಟ್ಟನ್ನು ಹೇಗೆ ಬಿಡಿಸಿಕೊಳ್ಳಬೇಕು, ಯಾರು ಯಾರನ್ನು ಎಲ್ಲಿ ಚಿತ್ ಮಾಡಿದರು, ಇದೇ ಮಾತು. ಅಲ್ಲಿನ ಇಬ್ಬರು ಮೇಲ್ವಿಚಾರಕರಲ್ಲಿ ನಾನೊಬ್ಬ. ಆರು ತಿಂಗಳು ಯಾರೂ ಮಾತಾಡದ ಚರ್ಚೆಯನ್ನು ಮತ್ತೆ ಎಬ್ಬಿಸಬಾರದು ಎಂಬುದು ಅಲ್ಲಿಯ ನಿಯಮ. ಹಳೆಯದರ ಕೆಳಗೆ ಯಾರಾದರೂ ಒಂದು ಸಾಲು ಬರೆದರೆ ಸಾಕು, ಅದು ಎದ್ದು ಪಟ್ಟಿಯ ತಲೆಗೆ ಬಂದು ಕೂರುತ್ತದೆ, ತಣ್ಣಗಾದ ಜಗಳಗಳೆಲ್ಲ ಮತ್ತೆ ಹೊತ್ತಿಕೊಳ್ಳುತ್ತವೆ. ಹೇಳುವುದಿದ್ದರೆ ಹೊಸ ಚರ್ಚೆ ತೆರೆಯಬೇಕು. ನಿಯಮ ಒಳ್ಳೆಯದೇ. ನಾನು ಅದನ್ನು ಬಡಿಗೆ ಮಾಡಿಕೊಂಡೆ. ಮೂಡಲಗಿಯ ಪಾಪದವನೊಬ್ಬ ಮೂರು ವರ್ಷ ಹಳೆಯ ಚರ್ಚೆಯಲ್ಲಿ "ಬದಾಮಿ ಎಷ್ಟ ತಾಸ ನೆನಿ ಹಾಕಬೇಕ್ರಿ?" ಎಂದು ಕೇಳಿದ್ದಕ್ಕೆ ಅವನ ಏಳು ತಲೆಮಾರನ್ನೂ ಜಾಲಾಡಿ, ಇನ್ಯಾರೂ ಬರೆಯದ ಹಾಗೆ ಆ ಚರ್ಚೆಗೆ ಬೀಗ ಜಡಿದಿದ್ದೆ.

ಅಷ್ಟು ಉರಿಯಲು ಕಾರಣವಿತ್ತು. ಅಲ್ಲಿ ನನ್ನದೇ ಒಂದು ಹಳೆಯ ಕುಸ್ತಿಯ ಚರ್ಚೆ ಮಲಗಿತ್ತು. ಅದು ಏಳುವುದು ನನಗೆ ಬೇಡವಾಗಿತ್ತು.

ತೊಂಬತ್ತರ ದಶಕ, ಸಂಕೇಶ್ವರದ ಕಣ. ಎದುರಿಗೆ ಹುಕ್ಕೇರಿಯ ಪೈಲವಾನ. ಅದಕ್ಕೆ ಮೊದಲು ಎರಡು ಸಲ ನನ್ನನ್ನು ಕೆಡವಿದ್ದ, ಕೆಡವಿ ನಕ್ಕಿದ್ದ. ಅಂದು ಅವನ ಬೆನ್ನು ಮಣ್ಣಿಗೆ ಹತ್ತಿತು. ತೀರ್ಪು ಹೇಳುವ ಪಂಚರು ನನ್ನ ಬೆನ್ನು ತಟ್ಟಿದರು. ಮುಗಿಯಿತು, ಬಿಡು ಎಂದು ಅದರ ಅರ್ಥ. ಅವನ ಬಲಗೈ ನನ್ನ ಹಿಡಿತದಲ್ಲಿತ್ತು. ಬಿಡಲಿಲ್ಲ, ತಿರುವಿದೆ. ಮೊಣಕೈ ಹಸಿ ಕಬ್ಬು ಮುರಿದ ಹಾಗೆ ಲಟಕ್ಕೆಂದಿತು. ಅವನು ಒಮ್ಮೆ ಚೀರಿ ಎಚ್ಚರ ತಪ್ಪಿದ. ಹಲಗೆ ಬಾರಿಸುವವರ ಸದ್ದಿನಲ್ಲಿ, ಧೂಳಿನಲ್ಲಿ, ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಕೇಳಿದವರಿಗೆ ನಾನೇ ಹೇಳಿದೆ: "ಸೋತ ಮ್ಯಾಗೂ ಕೊಸರಾಡಿದಾ. ನಾ ಏನ್ ಮಾಡ್ಲಿ?"

ನಮ್ಮ ತಾಲೀಮುಗಳಲ್ಲಿ ಒಂದು ವಾಡಿಕೆ. ಯಾರ ಕೈಯಿಂದ ಎಲುಬು ಮುರಿಯಿತೋ ಅವನು ಪೆಟ್ಟು ತಿಂದವನ ಮನೆಗೆ ಖುರಾಕು ಒಯ್ಯಬೇಕು, ತುಪ್ಪ, ಬದಾಮಿ. ನಾನು ಒಯ್ಯಲಿಲ್ಲ. ಅವನ ಕಣ್ಣು ನೋಡುವ ಧೈರ್ಯ ಇರಲಿಲ್ಲ.

ಹತ್ತು ವರ್ಷದ ಮೇಲೆ ಒಂದು ದಿನ ಫೋರಂನಲ್ಲಿ ಆ ಕುಸ್ತಿಯ ಚರ್ಚೆ ಪಟ್ಟಿಯ ತಲೆಗೆ ಬಂದು ಕೂತಿತ್ತು. ಹೊಸ ಸದಸ್ಯನೊಬ್ಬ ಬರೆದಿದ್ದ: "ಪಂಚರು ತಟ್ಟಿದ ಮ್ಯಾಲೆ ಅಂವ ಕೊಸರಾಡಿದ್ದು ಯಾರರೆ ಕಣ್ಣಾರೆ ನೋಡೀರೇನು?" ನನ್ನ ತಲೆಗೆ ರಕ್ತ ಏರಿತು. ನಿಯಮ ತೋರಿಸಿ ಬೀಗ ಹಾಕಿದೆ. ಮರುದಿನ ಬೇರೆ ಹೆಸರಿನಲ್ಲಿ ಅದೇ ಪ್ರಶ್ನೆ, ಬೇರೊಂದು ಹಳೆಯ ಚರ್ಚೆಯ ಕೆಳಗೆ. ಅವನನ್ನು ಹೊರಗೆ ಹಾಕಿದೆ. ಮೂರನೇ ಸಲವೂ ಬಂದ. "ಗಂಡಸಾಗಿದ್ರ ವಿಳಾಸ ಹಾಕಲೇ" ಎಂದು ಬರೆದೆ. ಹಾಕಿದ: ಹುಕ್ಕೇರಿ, ಹಿಟ್ಟಿನ ಗಿರಣಿ. ಆ ಪೈಲವಾನ ಎಂದೋ ಊರು ಬಿಟ್ಟನೆಂದು ಕೇಳಿದ್ದರಿಂದ, ಇವನು ಯಾರೋ ಕಾಲು ಕೆರೆಯುವವನು ಎಂದುಕೊಂಡೆ.

ಮಟಮಟ ಮಧ್ಯಾಹ್ನ ಗಾಡಿ ಹತ್ತಿದೆ. ಧುಪದಾಳ ದಾಟುವಾಗಲೇ ಬಯ್ಯುವ ಮಾತೆಲ್ಲ ಮುಗಿದು, ಬರೀ ಹಲ್ಲು ಕಡಿಯುತ್ತಿದ್ದೆ. ಗಿರಣಿಯಲ್ಲಿ ಒಬ್ಬನೇ ಇದ್ದ, ಬೆನ್ನು ತಿರುಗಿಸಿಕೊಂಡು, ತಲೆಯಿಂದ ಕಾಲಿನವರೆಗೆ ಹಿಟ್ಟು. ಕಾಲರು ಹಿಡಿದು ಎಳೆದು ಮುಖಕ್ಕೆ ಎರಡು ಗುದ್ದಿದೆ. ತುಟಿ ಒಡೆದು ಬಿಳೀ ಹಿಟ್ಟಿನ ಮೇಲೆ ರಕ್ತ ಹನಿಯಿತು. ಅವನು ಎಡಗೈಯಲ್ಲಿ ನನ್ನ ದವಡೆಗೆ ಕೊಟ್ಟ ಏಟಿಗೆ ಹಲ್ಲೊಂದು ಅಲುಗಾಡಿತು. ಮತ್ತೆ ಕೈ ಎತ್ತಿದೆ. ಆಗ ಕಂಡಿತು ಅವನ ಬಲಗೈ. ಮೊಣಕೈಯಲ್ಲಿ ಬಾಗಿದ್ದು ಬಾಗಿದ ಹಾಗೇ ನಿಂತಿತ್ತು.

ಅವನೇ.

"ಹೊಡಿ. ಒಂದ ಕೈಲೆ ಇನ್ನೂ ನಾಕ ತಡೀತೇನಿ. ಆದ್ರ ಹೇಳಿ ಹೊಡಿ. ನಾ ಕೊಸರಾಡಿದ್ನೇನು?" ಅಂದ. ನಾನು ಎತ್ತಿದ ಕೈ ಇಳಿಸಿದೆ. ಅವನೇ ಮುಂದುವರಿಸಿದ:

"ನನಗ ನೆಪ್ಪಿಲ್ಲಲೇ. ಚಿತ್ ಆಗಿದ್ದ ನೆಪ್ಪೈತಿ, ಆಮ್ಯಾಲಿಂದು ಇಲ್ಲ. ಸೋತ ಮ್ಯಾಗ ಕೊಸರಾಡಿದಾಂವ ನಮ್ಮ ಮಣ್ಣ ತುಳೀಬಾರದಂತ ವಸ್ತಾದರು ಹೊರಗ ಹಾಕಿದ್ರು. ಈಗ ಅವರಿಗಿ ಎಂಬತ್ತ ದಾಟ್ಯಾವು. ಅವರ ಇರೂದ್ರಾಗ ಒಂದ ಸಲ ಮಣ್ಣಿಗಿ ಇಳೀಬೇಕು. ಒಬ್ಬರೆ ಸಾಕ್ಷಿ ಸಿಗತಾನೇನಂತ ಕೇಳಿದ್ನಿ."

ವಸ್ತಾದರೆಂದರೆ ಅವನಿಗೆ ಕುಸ್ತಿ ಕಲಿಸಿದ ಗುರು. ಅಂಥ ಹೊತ್ತಿನಲ್ಲಿ ನನ್ನ ಹಾಳು ಬಾಯಿಂದ ಬಂದದ್ದೇನು ಗೊತ್ತೇ? "ಹೊಸಾ ಚರ್ಚಾ ತಗೀಬೇಕಿತ್ತು."

"ಹೊಸಾದು ಎಲ್ಲಿಂದ ತರ್ಲಿ? ಈ ಕೈ ಹಳೇದ ಐತಿ" ಎಂದು ತುಟಿ ಒರೆಸಿಕೊಂಡ.

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಗೋಕಾಕಕ್ಕೆ ಮರಳಿ ನೇರ ಸೆಂಟರಿಗೆ ಹೋಗಿ, ಚರ್ಚೆಯ ಬೀಗ ತೆಗೆದು ಬರೆದೆ: ಅವನು ಕೊಸರಾಡಲಿಲ್ಲ, ಪಂಚರು ತಟ್ಟಿದ ಮೇಲೆ ನಾನೇ ತಿರುವಿದೆ. ಒಂದು ತಾಸಿನೊಳಗೆ ಇನ್ನೊಬ್ಬ ಮೇಲ್ವಿಚಾರಕ ಅದನ್ನು ಅಳಿಸಿದ. "ಹಿರಿಯ ಸದಸ್ಯರ ಹಿಂಗ ಹಳೇ ಚರ್ಚಾ ಎಬ್ಬಿಸಿದ್ರ ಹೆಂಗ್ರಿ?" ಎಂದು ಬರೆದು ಮತ್ತೆ ಬೀಗ ಹಾಕಿದ. ನನ್ನದೇ ಬೀಗ, ನನ್ನದೇ ಮಾತು. ಕೀಬೋರ್ಡು ಕುಟ್ಟಿದ್ದಕ್ಕೆ ಸೆಂಟರಿನವನು ಎದ್ದು ಹೋಗೆಂದ.

ಹೀಗಾಗಿ ಬಾಯಿಂದಲೇ ಹೇಳಬೇಕಾಯಿತು. ಮರುದಿನ ಬೆಳಿಗ್ಗೆ ತುಪ್ಪದ ಡಬ್ಬಿ ಹಿಡಿದು, ಗಿರಣಿಯಿಂದ ಅವನನ್ನು ಕರೆದುಕೊಂಡು ಹುಕ್ಕೇರಿಯ ತಾಲೀಮಿಗೆ ಹೋದೆ. ಅವನು ಹೊಸ್ತಿಲ ಹೊರಗೇ ನಿಂತ. ವಸ್ತಾದರು ಒಳಗೆ ಕಟ್ಟೆಯ ಮೇಲೆ ಕೂತಿದ್ದರು.

"ವಸ್ತಾದರ, ಅಂವ ಕೊಸರಾಡಿಲ್ರಿ. ಪಂಚರು ತಟ್ಟಿದ ಮ್ಯಾಗ ನಾನ ತಿರುವೇನ್ರಿ. ಸುಳ್ಳೂ ನಾನ ಹೇಳೇನ್ರಿ."

ಅವರು ಗೋಡೆ ಹಿಡಿದು ಎದ್ದು ಬಂದು ಕಪಾಳಕ್ಕೆ ಬಾರಿಸಿದರು. ಎಂಬತ್ತರ ಕೈ ಅದು ಎಂದು ಯಾರು ಹೇಳಬೇಕು! ಗಿರಣಿಯಲ್ಲಿ ಅಲುಗಾಡಿದ್ದ ಹಲ್ಲು ಅಲ್ಲೇ ಉದುರಿತು. ಇನ್ನೊಂದು ಏಟು ಬಿತ್ತು. ನಾನು ಕೈ ಮುಗಿದುಕೊಂಡೇ ನಿಂತಿದ್ದೆ.

ಆಮೇಲೆ ಅವರು ಬಾಗಿಲ ಕಡೆ ತಿರುಗಿದರು. ಮೂಲೆಯಲ್ಲಿದ್ದ ಸನಿಕೆಯನ್ನು ಕಾಲಿನಿಂದ ಅವನತ್ತ ನೂಕಿದರು.

"ಮಣ್ಣ ಗಟ್ಟಿ ಆಗೇತಿ. ಅಗಿ."

ಅವನು ಚಪ್ಪಲಿ ಬಿಟ್ಟು, ಎಡಗೈಯಿಂದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಇಳಿದ. ಒಂದೇ ಕೈಯಲ್ಲಿ ಅಗೆಯತೊಡಗಿದ. ಅವನ ಕಣ್ಣೀರು ಮೂಗಿನ ತುದಿಯಿಂದ ಮಣ್ಣಿಗೆ ಬೀಳುತ್ತಿತ್ತು. ಸನಿಕೆಗೆ ಕೈ ಹಚ್ಚೋಣವೆಂದು ನಾನು ಒಂದು ಹೆಜ್ಜೆ ಇಟ್ಟೆ.

"ನೀ ಹೊರಗ ನಿಂದ್ರ" ಅಂದರು ವಸ್ತಾದರು.

ತುಪ್ಪದ ಡಬ್ಬಿ ಕಟ್ಟೆಯ ಮೇಲಿಟ್ಟು, ಅವನು ನಿಂತಿದ್ದ ಜಾಗದಲ್ಲಿ ಹೋಗಿ ನಿಂತೆ.